ಎಂಟು ವರ್ಷಕ್ಕೇ ಹಲ್ಲಿಗೆ ಕ್ಲಿಪ್ ಬೇಕಾ? ನಮ್ಮ ಮನೆಯ, ನೆಂಟರ ಮನೆಯ ಅನುಭವ

ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಒಬ್ಬ ಅಮ್ಮ ಕೇಳಿದ್ದಾರೆ: "ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮೇಲಿನ ಎದುರಿನ ಎರಡು ಹಲ್ಲು ದೊಡ್ಡದಾಗಿ, ನಡುವೆ ಸಂದು ಬಿಟ್ಟು, ಆಚೀಚೆ ವಾಲಿಕೊಂಡು ಬಂದಿವೆ. ಒಬ್ಬ ಡಾಕ್ಟರು ಈಗಲೇ ಒಮ್ಮೆ ಕ್ಲಿಪ್ ಹಾಕಬೇಕು, ಹನ್ನೆರಡು ವರ್ಷ ಆದ ಮೇಲೆ ಇನ್ನೊಮ್ಮೆ ಹಾಕಬೇಕು ಅಂದರು. ಅತ್ತೆ, ಹಾಲುಹಲ್ಲು ಪೂರ್ತಿ ಬಿದ್ದು ಮುಗಿಯಲಿ, ಆಮೇಲೆ ನೋಡಿದರಾಯಿತು ಅನ್ನುತ್ತಾರೆ. ಸಣ್ಣ ಮಕ್ಕಳಿಗೆ ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ."

ನಮ್ಮ ಮನೆಯಲ್ಲಿ ಎರಡೂ ಆಗಿದೆ. ಮಗನಿಗೆ ಎಂಟು ವರ್ಷಕ್ಕೇ ಮಾಡಿಸಿದೆವು. ಮಗಳಿಗೆ ಅದೇ ವಯಸ್ಸಿನಲ್ಲಿ ಬೇಡ ಅಂತ ಕಾದೆವು. ಎರಡೂ ಸರಿಯಾಗಿತ್ತು ಅಂತ ಈಗ ಧೈರ್ಯವಾಗಿ ಹೇಳಬಲ್ಲೆ. ನಾನು ಡಾಕ್ಟರಲ್ಲ, ಆದರೆ ಐದಾರು ವರ್ಷ ಮಕ್ಕಳ ಹಲ್ಲಿನ ಹಿಂದೆ ಓಡಾಡಿದ್ದೇನೆ. ಮನೆಯವರನ್ನೂ ಗೆಳತಿಯರನ್ನೂ ಕೇಳಿ ತಿಳಿದದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮಗಳ ವಿಷಯ. ನೀವು ಬರೆದದ್ದು ಓದಿ ನನಗೆ ನನ್ನ ಮಗಳದ್ದೇ ಮುಖ ನೆನಪಾಯಿತು. ಅವಳಿಗೂ ಎದುರಿನ ಎರಡು ಹಲ್ಲಿನ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿತ್ತು. ಪಕ್ಕದ ಹಲ್ಲುಗಳು ಬೀಸಣಿಗೆ ಬಿಡಿಸಿದ ಹಾಗೆ ಹೊರಗೆ ವಾಲಿದ್ದವು. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ಮೇಲೆ, ಮೂಗಿನ ಆಚೀಚೆ, ಕೋರೆಹಲ್ಲುಗಳು ಇನ್ನೂ ಮೂಳೆಯೊಳಗೇ ಇವೆ. ಅವು ಕೆಳಗೆ ಇಳಿಯುವಾಗ ಪಕ್ಕದ ಹಲ್ಲಿನ ಬೇರನ್ನು ಒತ್ತುತ್ತವೆ. ಬೇರು ಒಳಕ್ಕೆ ಸರಿದಾಗ ಹಲ್ಲಿನ ತುದಿ ಹೊರಕ್ಕೆ ವಾಲುತ್ತದೆ. ಹನ್ನೊಂದು, ಹನ್ನೆರಡು ವರ್ಷಕ್ಕೆ ಕೋರೆಹಲ್ಲು ಪೂರ್ತಿ ಇಳಿದಾಗ ಅದೇ ಎದುರಿನ ಹಲ್ಲುಗಳನ್ನು ಹತ್ತಿರ ತರುತ್ತದೆ. ಇದಕ್ಕೆ ಡಾಕ್ಟರುಗಳು 'ಅಗ್ಲಿ ಡಕ್ಲಿಂಗ್ ಸ್ಟೇಜ್' ಅನ್ನುತ್ತಾರೆ. ದಯವಿಟ್ಟು ಆ ಹೆಸರನ್ನು ಮಗುವಿನ ಎದುರು ಹೇಳಬೇಡಿ. ನನ್ನ ಮಗಳು ಅದನ್ನು ಕೇಳಿಸಿಕೊಂಡು ಒಂದು ವಾರ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು.

ನಾವು ಕಾದೆವು. ಈಗ ಅವಳಿಗೆ ಹನ್ನೆರಡು. ಸಂದು ತಾನಾಗಿ ಮುಚ್ಚಿದೆ. ಒಂದು ಹಲ್ಲು ಚೂರು ತಿರುಗಿದೆ, ಅಷ್ಟೇ.

ಆದರೆ ಎಲ್ಲ ಸಂದೂ ಹೀಗೆ ಮುಚ್ಚುವುದಿಲ್ಲ. ಎರಡು ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಪೂರ್ತಿ ಸೇರದೆ ಉಳಿಯಬಹುದು. ಕೆಲವು ಮಕ್ಕಳಿಗೆ ಎರಡು ಹಲ್ಲಿನ ನಡುವೆ ಮೂಳೆಯೊಳಗೆ ಒಂದು ಹೆಚ್ಚುವರಿ ಹಲ್ಲು ಅಡಗಿರುತ್ತದೆ. ಕೆಲವರಿಗೆ ಪಕ್ಕದ ಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ. ಮೇಲ್ದುಟಿಯನ್ನು ಒಸಡಿಗೆ ಹಿಡಿದಿರುವ ಪಟ್ಟಿ ದಪ್ಪಗಿದ್ದರೂ ಸಂದು ಉಳಿಯಬಹುದು. ಹೆಚ್ಚುವರಿ ಹಲ್ಲು ಇದೆಯಾ, ಯಾವುದಾದರೂ ಹಲ್ಲು ಇಲ್ಲವಾ ಅನ್ನುವುದು ಒಂದು ಓಪಿಜಿ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಎರಡೂ ದವಡೆ, ಒಳಗಿರುವ ಹಲ್ಲುಗಳ ಸಮೇತ, ಒಂದೇ ಚಿತ್ರದಲ್ಲಿ ಬರುತ್ತದೆ. ನಿಮ್ಮ ಡಾಕ್ಟರು ಅದನ್ನು ತೆಗೆಸದೆಯೇ ಕ್ಲಿಪ್ ಅಂದಿದ್ದರೆ, ನಾನಾದರೆ ಇನ್ನೊಬ್ಬರಿಗೆ ತೋರಿಸುತ್ತಿದ್ದೆ.

ಮಗನದ್ದು ಬೇರೆಯೇ ಕತೆ. ಅವನ ಹಲ್ಲು ನೋಡಲು ಸಾಲಾಗಿಯೇ ಇತ್ತು. ನಕ್ಕರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಹುಳುಕು ತುಂಬಿಸಲು ಹೋದಾಗ ಡಾಕ್ಟರು, "ಇವನು ಬಾಯಿ ಮುಚ್ಚುವುದನ್ನು ನೋಡಿ" ಅಂದರು. ಹಲ್ಲು ಕಚ್ಚುವ ಹೊತ್ತಿಗೆ ಗದ್ದ ಮೆಲ್ಲನೆ ಬಲಕ್ಕೆ ಸರಿಯುತ್ತಿತ್ತು. ಎಂಟು ವರ್ಷ ದಿನಾ ಊಟ ಬಡಿಸಿದ್ದೇನೆ, ಒಮ್ಮೆಯೂ ನನ್ನ ಗಮನಕ್ಕೆ ಬಂದಿರಲಿಲ್ಲ. ಮೇಲಿನ ಹಲ್ಲು ಡಬ್ಬಿಯ ಮುಚ್ಚಳದ ಹಾಗೆ ಕೆಳಗಿನದರ ಹೊರಗೆ ಕೂರಬೇಕು. ಅವನ ಮೇಲ್ದವಡೆ ಸಪುರ ಆಗಿ, ಬಲಗಡೆಯ ಹಲ್ಲುಗಳು ಒಳಗೆ ಕೂತಿದ್ದವು. ಕಚ್ಚಲು ಜಾಗ ಹುಡುಕಿ ಕೆಳದವಡೆ ಬದಿಗೆ ಸರಿಯುತ್ತಿತ್ತು. ಹೀಗೇ ಬಿಟ್ಟರೆ ಬೆಳೆಯುವ ಮೂಳೆ ಅದೇ ಓರೆಗೆ ಹೊಂದಿಕೊಂಡು ಬೆಳೆಯಬಹುದು.

ಇಲ್ಲಿ ಕಾಯುವ ಹಾಗಿರಲಿಲ್ಲ. ಅಂಗುಳಿನ ಮೂಳೆ ಎರಡು ಭಾಗ, ನಡುವೆ ಹೊಲಿಗೆಯಂಥ ಒಂದು ಕೂಡುಗೆರೆ ಇದೆ. ಸಣ್ಣ ಮಕ್ಕಳಲ್ಲಿ ಅದು ಇನ್ನೂ ಬೆಸೆದಿರುವುದಿಲ್ಲ, ಹಾಗಾಗಿ ಮೆಲ್ಲಗೆ ಅಗಲಿಸಬಹುದು. ಪ್ರಾಯ ತುಂಬಿದ ಮೇಲೆ ಬಿಗಿಯುತ್ತದೆ. ದೊಡ್ಡವರಿಗೆ ಅದಕ್ಕೇ ಆಪರೇಷನ್ ಬೇಕಾಗುವುದೂ ಇದೆ.

2020ರ ಫೆಬ್ರವರಿ ಕೊನೆಗೆ ಮಂಗಳೂರಿನಲ್ಲಿ ಅಂಗುಳಿಗೆ ಅದನ್ನು ಅಗಲಿಸುವ ಎಕ್ಸ್‌ಪ್ಯಾಂಡರ್ ಕೂರಿಸಿದರು. ದವಡೆ ಹಲ್ಲುಗಳಿಗೆ ಉಂಗುರದಂತೆ ಪಟ್ಟಿ, ನಡುವೆ ಒಂದು ಸ್ಕ್ರೂ. ಅದನ್ನು ಮನೆಯಲ್ಲಿ ನಾವೇ ತಿರುಗಿಸಬೇಕು, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಒಂದು ತಿರುವಿಗೆ ಕಾಲು ಮಿಲಿಮೀಟರ್. ಊಟ ಆದ ಮೇಲೆ ಜಗಲಿಯಲ್ಲಿ ಅವನ ತಲೆಯನ್ನು ನನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ, ಅವನ ಅಪ್ಪ ಟಾರ್ಚ್ ಹಿಡಿಯುತ್ತಿದ್ದರು. ಕೀಲಿ ಕೈತಪ್ಪಿ ಗಂಟಲಿಗೆ ಹೋಗಬಾರದು ಅಂತ ಅದಕ್ಕೆ ನೂಲು ಕಟ್ಟಿ ನನ್ನ ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಕೀಲಿಯ ತುದಿಯನ್ನು ಸ್ಕ್ರೂವಿನ ತೂತಿಗೆ ಹಾಕಿ ಗಂಟಲ ಕಡೆಗೆ ದೂಡಬೇಕು. ಮುಂದಿನ ತೂತು ಪೂರ್ತಿ ಕಂಡರೆ ತಿರುವು ಮುಗಿಯಿತು. ಅರ್ಧಕ್ಕೆ ನಿಂತರೆ ಮುಂದಿನ ಸಲ ಕೀಲಿ ಹೋಗುವುದಿಲ್ಲ. ಮೊದಲ ರಾತ್ರಿ ನನ್ನ ಕೈ ನಡುಗಿತ್ತು. "ಅಮ್ಮಾ, ಮೂಗಿನ ಬುಡದಲ್ಲಿ ಬಿಗಿದ ಹಾಗೆ ಆಗ್ತದೆ" ಅಂದ. ಐದು ನಿಮಿಷದಲ್ಲಿ ಕಡಿಮೆಯಾಯಿತು, ಎದ್ದು ಆಡಲು ಹೋದ.

ಹತ್ತು ದಿನದೊಳಗೆ ಎದುರಿನ ಎರಡು ಹಲ್ಲಿನ ನಡುವೆ ಇಲ್ಲದ ಸಂದು ಬಂತು. ಡಾಕ್ಟರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಮೂಳೆ ತೆರೆದಿದೆ ಅನ್ನುವುದಕ್ಕೆ ಅದೇ ಗುರುತು. ಕೆಲವು ತಿಂಗಳಲ್ಲಿ ತಾನಾಗಿ ಸೇರಿತು. ಕಷ್ಟ ಆದದ್ದು ಊಟಕ್ಕೆ. ಉಪ್ಪಿಟ್ಟಿನ ರವೆ, ತೆಂಗಿನ ತುರಿ ಎಲ್ಲ ಸ್ಕ್ರೂವಿನ ಮೇಲೆ ಹೋಗಿ ಕೂರುತ್ತದೆ. ಎರಡು ವಾರ 'ಸ', 'ಶ' ಸರಿಯಾಗಿ ಬರುತ್ತಿರಲಿಲ್ಲ, ಬಾಯಲ್ಲಿ ನೀರು ಜಾಸ್ತಿ. ಶಾಲೆಯಲ್ಲಿ ಕನ್ನಡ ಪಾಠ ಜೋರಾಗಿ ಓದಿಸುವ ಟೀಚರಿಗೆ ಒಂದು ಚೀಟಿ ಬರೆದು ಕೊಟ್ಟಿದ್ದೆ. ಅವರು ಆ ದಿನಗಳಲ್ಲಿ ಅವನನ್ನು ಎಬ್ಬಿಸಿ ಓದಿಸಲಿಲ್ಲ. ಅದು ಅವನಿಗೆ ದೊಡ್ಡ ಸಹಾಯ ಆಯಿತು.

ಅಷ್ಟರಲ್ಲಿ ಮಾರ್ಚ್ ಬಂತು. ಲಾಕ್‌ಡೌನ್ ಆಯಿತು, ಕೇರಳ, ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು, ಊರ ದಾರಿಗಳಿಗೂ ಮಣ್ಣು ಬಿತ್ತು. ಮಂಗಳೂರು ಇಲ್ಲೇ ಹತ್ತಿರ ಅಂದುಕೊಂಡಿದ್ದ ನಮಗೆ ಅದು ಒಂದೇ ಸಲಕ್ಕೆ ಪರದೇಶ ಆಯಿತು. ಮಗನ ಬಾಯಲ್ಲಿ ಕಬ್ಬಿಣ, ಡಾಕ್ಟರು ಗಡಿಯಾಚೆ. ಫೋನಿನಲ್ಲಿ ಫೋಟೊ ಕಳಿಸಿ ಕೇಳಿದೆವು. ತಿರುಗಿಸುವುದು ನಿಲ್ಲಿಸಿ, ಹಾಗೇ ಇರಲಿ ಅಂದರು. ಅಗಲಿಸಿದ ಜಾಗದಲ್ಲಿ ಹೊಸ ಮೂಳೆ ತುಂಬಲು ಹೇಗೂ ಕೆಲವು ತಿಂಗಳು ಅದು ಬಾಯಲ್ಲಿ ಇರಲೇಬೇಕು. ಮೇ ತಿಂಗಳಲ್ಲಿ ಒಂದು ಬದಿಯ ಪಟ್ಟಿ ಸಡಿಲವಾಯಿತು. ಕಾಸರಗೋಡಿನ ಒಬ್ಬ ಡಾಕ್ಟರು ಬೇರೆಯವರು ಹಾಕಿದ್ದು ಅಂತ ದೂರ ಮಾಡದೆ ಮತ್ತೆ ಅಂಟಿಸಿ ಕೊಟ್ಟರು. ಅವರ ಋಣ ನಾನು ಮರೆಯುವುದಿಲ್ಲ. ಮಂಗಳೂರಿನ ಡಾಕ್ಟರ ಎದುರು ಮತ್ತೆ ಕೂತದ್ದು ಸೆಪ್ಟೆಂಬರಿನಲ್ಲಿ.

ಹಾಗಾಗಿ ಗಡಿಯ ಈಚೆ ಇರುವ ನಮ್ಮಂಥವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಎಲ್ಲಿ ಬೇಕಾದರೂ ಮಾಡಿಸಿ, ಆದರೆ ಪಟ್ಟಿ ಬಿಚ್ಚಿದರೆ, ತಂತಿ ಕೆನ್ನೆಗೆ ಚುಚ್ಚಿದರೆ ಆ ದಿನವೇ ನೋಡುವ ಒಬ್ಬರು ಹತ್ತಿರದಲ್ಲಿ ಇರಲಿ. ಶುರು ಮಾಡುವ ಮೊದಲೇ ಮಾತಾಡಿಟ್ಟುಕೊಳ್ಳಿ.

ಮಗನಿಗೆ ಎರಡನೇ ಸಲ ಕ್ಲಿಪ್ ಬೇಕಾಗಲಿಲ್ಲವಾ ಅಂತ ಕೇಳುತ್ತೀರಿ. ಬೇಕಾಯಿತು. ಹದಿಮೂರಕ್ಕೆ ಹಾಕಿಸಿದೆವು. ಆದರೆ ಹಲ್ಲು ಕೀಳಿಸಬೇಕಾಗಲಿಲ್ಲ, ಒಂದು ವರ್ಷದೊಳಗೆ ಮುಗಿಯಿತು. ಅವನು ಹಲಸಿನ ಸೋಂಟೆ (ಚಿಪ್ಸ್) ತಿಂದು ಎರಡು ಸಲ ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತುಕೊಳ್ಳದೆ ಇದ್ದಿದ್ದರೆ ಇನ್ನೂ ಬೇಗ ಆಗುತ್ತಿತ್ತು.

ಈಗ ನಾದಿನಿಯ ಮಗ. ಮುಳ್ಳೇರಿಯದಲ್ಲಿದ್ದಾರೆ. ಅವನದ್ದು ಉಬ್ಬುಹಲ್ಲು, ತುಟಿ ಮುಚ್ಚಲು ಕಷ್ಟ. ಒಂಬತ್ತು ವರ್ಷಕ್ಕೆ ತೋರಿಸಿದಾಗ, ಬೆಳವಣಿಗೆ ಜೋರಾಗುವ ಹನ್ನೊಂದು, ಹನ್ನೆರಡರ ಹೊತ್ತಿಗೆ ಶುರು ಮಾಡುವ ಅಂದರು. ಇದು ತಪ್ಪು ಸಲಹೆ ಅಲ್ಲ. ಉಬ್ಬುಹಲ್ಲಿಗೆ ಸಣ್ಣದರಲ್ಲೇ ಒಮ್ಮೆ, ದೊಡ್ಡವರಾದ ಮೇಲೆ ಒಮ್ಮೆ ಮಾಡಿದರೂ, ಒಂದೇ ಸಲ ಮಾಡಿದರೂ ಕೊನೆಗೆ ಹಲ್ಲು ನಿಲ್ಲುವ ಜಾಗದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂತ ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡುವ ಕೊಕ್ರೇನ್ ಸಂಸ್ಥೆಯವರ 2018ರ ವಿಮರ್ಶೆ ಹೇಳುತ್ತದೆ. ಅವರು ಕಂಡ ಲಾಭ ಒಂದೇ, ಬೇಗ ಮಾಡಿಸಿದ ಮಕ್ಕಳಲ್ಲಿ ಎದುರಿನ ಹಲ್ಲಿಗೆ ಪೆಟ್ಟಾಗುವುದು ಕಡಿಮೆ. ನಾದಿನಿಯ ಮಗನಿಗೆ ಆ ಪೆಟ್ಟೇ ಬಿತ್ತು. ಕಾಯುತ್ತಿದ್ದ ಆ ವರ್ಷಗಳಲ್ಲಿ ಆಟದ ಬಯಲಿನಲ್ಲಿ ಬಿದ್ದು ಎದುರಿನ ಹಲ್ಲಿನ ಮೂಲೆ ಮುರಿಯಿತು. ಹನ್ನೆರಡಕ್ಕೆ ಟ್ವಿನ್ ಬ್ಲಾಕ್ ಅನ್ನುವ, ಕೆಳದವಡೆಯನ್ನು ಮುಂದೆ ತರುವ ಸಾಧನ ಹಾಕಿ ಹಲ್ಲು ಒಳಗೆ ಬಂತು, ಚಂದ ಆಗಿದೆ, ಆದರೆ ಮುರಿದ ಮೂಲೆಗೆ ಹಚ್ಚಿದ್ದು ಮಾತ್ರ ಆಗಾಗ ಏಳುತ್ತದೆ. ಇಡೀ ದಿನ ಓಡಿ ಬೀಳುವ ಮಗು, ಹಲ್ಲು ತುಂಬ ಮುಂದೆ ಇದೆ ಅಂದರೆ ಈ ಒಂದು ಕಾರಣಕ್ಕೆ ಬೇಗ ಮಾಡಿಸುವ ಯೋಚನೆ ಮಾಡಬಹುದು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಶಾಶ್ವತ ಹಲ್ಲು ಬೇರುಸಮೇತ ಕಿತ್ತು ಬಂದರೆ ಉಜ್ಜಿ ತೊಳೆಯಬೇಡಿ. ಬೇರು ಮುಟ್ಟದೆ, ಹಲ್ಲಿನ ತುದಿ ಹಿಡಿದು, ಕೊಳೆ ಇದ್ದರೆ ಸ್ವಲ್ಪ ನೀರು ಅಥವಾ ಹಾಲು ಹರಿಸಿ ಅದೇ ಜಾಗಕ್ಕೆ ಕೂರಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ ಕೂಡಲೇ ಡಾಕ್ಟರ ಹತ್ತಿರ ಓಡಿ. ಹಾಲುಹಲ್ಲನ್ನು ಮಾತ್ರ ಹಾಗೆ ಕೂರಿಸಬಾರದು.

ಕುಂಬಳೆಯ ಗೆಳತಿಯ ಮಗಳದ್ದು ತಪ್ಪಿಸಬಹುದಾಗಿದ್ದ ಕಷ್ಟ. ಆರು ವರ್ಷಕ್ಕೆ ಹುಳುಕಾದ ಹಾಲುದವಡೆ ಹಲ್ಲನ್ನು ಕೀಳಿಸಿದರು. ಹೇಗೂ ಬೀಳುವ ಹಲ್ಲಲ್ವಾ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಹಿಂದಿನ ಹಾಲುದವಡೆ ಹಲ್ಲು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕಾದದ್ದು. ಅದರ ಹಿಂದೆಯೇ ಆರು ವರ್ಷಕ್ಕೆ ಶಾಶ್ವತ ದವಡೆ ಹಲ್ಲು ಬರುತ್ತದೆ. ಅದು ಯಾವ ಹಲ್ಲೂ ಬೀಳದೆ ಸುಮ್ನೆ ಬರುವುದರಿಂದ ಅದನ್ನೂ ಹಾಲುಹಲ್ಲು ಅಂತಲೇ ತಿಳಿಯುವವರು ತುಂಬ. ಎದುರಿನ ಜಾಗ ಖಾಲಿಯಾದಾಗ ಅದು ಮುಂದಕ್ಕೆ ಸರಿದು, ಕೆಳಗೆ ಕಾಯುತ್ತಿದ್ದ ಹಲ್ಲಿಗೆ ದಾರಿ ಇಲ್ಲದಾಯಿತು. ಕೀಳಿಸಿದಾಗಲೇ ಸ್ಪೇಸ್ ಮೇಂಟೇನರ್ ಅನ್ನುವ ಒಂದು ಸಣ್ಣ ಕಂಬಿ ಹಾಕಿದ್ದರೆ ಜಾಗ ಉಳಿಯುತ್ತಿತ್ತು. ಈಗ ಆ ಹುಡುಗಿಗೆ ದೊಡ್ಡ ಚಿಕಿತ್ಸೆ ನಡೆಯುತ್ತಿದೆ.

ಅಣ್ಣನ ಮಗಳು ಹೆಬ್ಬೆರಳು ಚೀಪುತ್ತಿದ್ದಳು. ಎದುರಿನ ಹಲ್ಲು ಮೇಲೆ ಕೆಳಗೆ ಸೇರುತ್ತಲೇ ಇರಲಿಲ್ಲ. ಬೇವು ಹಚ್ಚಿದರು, ಬೈದರು, ಜಾಸ್ತಿಯೇ ಆಯಿತು. ಕೊನೆಗೆ ಅತ್ತಿಗೆ ರಾತ್ರಿ ಉದ್ದ ಕೈಯ ಹಳೇ ಅಂಗಿ ತೊಡಿಸಿ, ಚೀಪದ ದಿನಕ್ಕೆ ಕ್ಯಾಲೆಂಡರಿನಲ್ಲಿ ಹೂ ಬರೆಸಿದರು. ಆರು ವರ್ಷ ತುಂಬುವ ಮೊದಲು ಬಿಟ್ಟಳು. ಹಲ್ಲು ತಾನಾಗಿ ಹತ್ತಿರ ಬಂತು, ಕ್ಲಿಪ್ ಬೇಕಾಗಲಿಲ್ಲ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಕ್ಕಳಿಗೆ ಮೊದಲು ಕಿವಿ, ಮೂಗು, ಗಂಟಲಿನ ಡಾಕ್ಟರು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿದೆಯಾ ನೋಡಲಿ.

ಇವೆಲ್ಲ ಕಂಡ ಮೇಲೆ ನಾನು ಡಾಕ್ಟರ ಹತ್ತಿರ ಕೇಳುವ ಪ್ರಶ್ನೆ ಒಂದೇ: "ಈಗ ಮಾಡದೆ ಹನ್ನೆರಡರವರೆಗೆ ಕಾದರೆ ಏನು ನಷ್ಟ?" ದವಡೆ ಓರೆ ಬೆಳೆಯುತ್ತದೆ ಅನ್ನಲಿ, ಮೇಲಿನ ಎದುರು ಹಲ್ಲು ಕೆಳಗಿನದರ ಒಳಗೆ ಸಿಕ್ಕಿ ಒಸಡು ಸವೆಯುತ್ತಿದೆ ಅನ್ನಲಿ, ಕೆಳದವಡೆ ಮುಂದೆ ಇದೆ, ಹತ್ತು ವರ್ಷದೊಳಗೆ ಮೇಲ್ದವಡೆಯನ್ನು ಮುಂದಕ್ಕೆ ಎಳೆಯುವ ಫೇಸ್‌ಮಾಸ್ಕ್ ಮುಖಕ್ಕೆ ಹಾಕಿದರೆ ಚೆನ್ನಾಗಿ ಫಲ ಕೊಡುತ್ತದೆ ಅನ್ನಲಿ, ಹಾಗಾದರೆ ತಡ ಮಾಡಬೇಡಿ. "ಬೇಗ ಮಾಡಿದಷ್ಟೂ ಒಳ್ಳೆಯದು" ಅಂತ ಮಾತ್ರ ಹೇಳಿದರೆ ಇನ್ನೊಂದು ಕಡೆ ತೋರಿಸಿ. ಎರಡು ಸಲ ಮಾಡಿಸುವುದು ಅಂದರೆ ದುಡ್ಡು ಮಾತ್ರ ಅಲ್ಲ, ಮಗುವಿನ ತಾಳ್ಮೆಯೂ ಖರ್ಚಾಗುತ್ತದೆ. ನಿಜವಾಗಿ ಬೇಕಾದ ಹೊತ್ತಿಗೆ ಮಗುವಿಗೆ ಸಾಕಾಗಿ ಹೋಗಿರುತ್ತದೆ.

ನಿಮ್ಮ ಅತ್ತೆ ಹೇಳಿದ್ದು ಅರ್ಧ ಸರಿ. ನಮ್ಮ ಅಜ್ಜಿಯೂ ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಸಿ, ಇನ್ನು ಚಂದದ್ದು ಬರುತ್ತದೆ ಅನ್ನುತ್ತಿದ್ದರು. ಕ್ಲಿಪ್‌ಗೆ ಕಾಯಬಹುದು, ತೋರಿಸುವುದಕ್ಕೆ ಕಾಯಬಾರದು. ಅಮೆರಿಕದ ಆರ್ಥೊಡಾಂಟಿಸ್ಟರ, ಅಂದರೆ ಹಲ್ಲು, ದವಡೆ ಸಾಲು ಮಾಡುವ ಡಾಕ್ಟರುಗಳ ಸಂಘ, ಮಗುವಿಗೆ ಏಳು ವರ್ಷ ಆಗುವ ಹೊತ್ತಿಗೆ ಒಂದು ಸಲ ತೋರಿಸಿ ಅನ್ನುತ್ತದೆ. ನಿಮ್ಮ ಅತ್ತೆಗೆ ಹೀಗೆ ಹೇಳಿ ನೋಡಿ, ಅವರೇ ಜೊತೆಗೆ ಹೊರಡಬಹುದು.

ತೋರಿಸುವುದು ಆರ್ಥೊಡಾಂಟಿಕ್ಸಿನಲ್ಲಿ ಎಂಡಿಎಸ್ (ಹಲ್ಲಿನ ಡಾಕ್ಟರುಗಳ ಸ್ನಾತಕೋತ್ತರ ಪದವಿ) ಮಾಡಿದವರಿಗೇ ಆಗಲಿ. ಮಂಗಳೂರಿನ ಹತ್ತಿರ ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ, ಯೆನೆಪೊಯ ಎರಡೂ ಡೆಂಟಲ್ ಕಾಲೇಜು ಇವೆ. ಗಡಿ ದಾಟುವುದು ಬೇಡ ಅಂದರೆ ಕಾಸರಗೋಡಿನ ಪೊಯಿನಾಚಿಯಲ್ಲಿ ಸೆಂಚುರಿ ಡೆಂಟಲ್ ಕಾಲೇಜು ಇದೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಜಾಸ್ತಿ. ಅಲ್ಲಿ ಹೆಚ್ಚಾಗಿ ನೋಡುವವರು ಎಂಡಿಎಸ್ ಓದುತ್ತಿರುವವರು, ಅದು ಮೂರು ವರ್ಷದ್ದು, ಹಾಗಾಗಿ ಶುರು ಮಾಡಿದ ಡಾಕ್ಟರೇ ಕೊನೆವರೆಗೆ ಇರುತ್ತಾರಾ ಅಂತ ಕೇಳಿ. ಒಟ್ಟು ಖರ್ಚಿನಲ್ಲಿ ಹಲ್ಲು ಮತ್ತೆ ಸರಿಯದ ಹಾಗೆ ಕೊನೆಗೆ ಕೊಡುವ ರಿಟೇನರ್ ಸೇರಿದೆಯಾ ಅಂತಲೂ ಮೊದಲೇ ಕೇಳಿಕೊಳ್ಳಿ.

ಹೋಗುವ ಮೊದಲು ಮಗಳನ್ನು ಕಿಟಕಿ ಹತ್ತಿರ ಕೂರಿಸಿ ಮೂರು ಫೋಟೊ ತೆಗೆಯಿರಿ. ಹಲ್ಲು ಕಚ್ಚಿಸಿ ಎದುರಿನಿಂದ ಒಂದು, ಕೆನ್ನೆ ಸರಿಸಿ ಎರಡೂ ಬದಿಯಿಂದ ಒಂದೊಂದು. ಆರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಮತ್ತೆ ತೆಗೆದಿಡಿ. ನನ್ನ ಮಗಳ ಸಂದು ಮುಚ್ಚುತ್ತಾ ಬಂದದ್ದು ನನಗೆ ಗೊತ್ತಾದದ್ದೇ ಆ ಫೋಟೊಗಳಿಂದ. ಹತ್ತು ವರ್ಷ ಆದಾಗ ಅವಳ ಮೇಲ್ದುಟಿ ಎತ್ತಿ, ಕೋರೆಹಲ್ಲು ಬರುವ ಜಾಗದಲ್ಲಿ ಒಸಡಿನ ಮೇಲೆ ಬೆರಳಿಟ್ಟು ನೋಡಿ. ಎರಡೂ ಕಡೆ ಗಟ್ಟಿ ಉಬ್ಬು ಸಿಗಬೇಕು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ಆಗ ಮತ್ತೊಮ್ಮೆ ತೋರಿಸಿ.