ಸ್ಟಾಫ್ ನರ್ಸ್ ಆಗಿ 5 ವರ್ಷ ಆಯಿತು: ಎಂಎಚ್‌ಎ ಮಾಡಲಾ, ಎಂಬಿಎ ಮಾಡಲಾ?

ವಾರ್ಡ್‌_ಸಿಸ್ಟರ್:
ಬಿಎಸ್‌ಸಿ ನರ್ಸಿಂಗ್ ಮುಗಿಸಿ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಸರ್ಜಿಕಲ್ ವಾರ್ಡ್‌ನಲ್ಲಿದ್ದೇನೆ. ಹೋದ ತಿಂಗಳು ಎಂಬಿಎ ಮಾಡಿದ ಹುಡುಗನೊಬ್ಬ ಫ್ಲೋರ್ ಮ್ಯಾನೇಜರ್ ಆಗಿ ಬಂದ. ಮೂರನೇ ದಿನವೇ ಎಲ್ಲರ ಮುಂದೆ, "ಸಿಸ್ಟರ್, ಡಿಸ್ಚಾರ್ಜ್ ಯಾಕೆ ಇಷ್ಟು ಲೇಟು?" ಅಂತ ಕೇಳಿದ. ಡಾಕ್ಟರ್ ರೌಂಡ್ಸ್‌ಗೆ ಬರುವುದೇ ಹನ್ನೊಂದೂವರೆಗೆ. ಆಮೇಲೆ ಡಿಸ್ಚಾರ್ಜ್ ಸಮರಿ ಟೈಪ್ ಆಗಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಬಿಲ್ಲಿಂಗ್ ಆಗಬೇಕು, ಕೊನೆಗೆ ಟಿಪಿಎ (ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಒಪ್ಪಬೇಕು. ಇದ್ಯಾವುದೂ ಅವನಿಗೆ ಗೊತ್ತಿಲ್ಲ. ಸಂಬಳ ಮಾತ್ರ ನನ್ನ ಎರಡರಷ್ಟು!

ಅವತ್ತೇ ಕೋರ್ಸ್ ಹುಡುಕಲು ಕೂತೆ: ಆಸ್ಪತ್ರೆ ಆಡಳಿತ ಕಲಿಸುವ ಎಂಎಚ್‌ಎ, ಇಲ್ಲವೇ ಎಂಬಿಎ. ನನಗೀಗ 28. ಕೆಲಸ ಬಿಟ್ಟು ಎರಡು ವರ್ಷ ಓದಬೇಕು. ಮದುವೆಗೆ ಇಟ್ಟ ದುಡ್ಡು ಅಂತ ಅಪ್ಪನ ತಕರಾರು ಬೇರೆ. ಯಾವುದು ಸರಿ?

ಬಿಲ್ಲಿಂಗ್‌_ಭಟ್ಟ:
ನಾನೂ ಆ ಹುಡುಗನ ಥರವೇ ಬಂದವನು, ಬೈಬೇಡಿ! ಎಂಬಿಎ ಮುಗಿಸಿ ಬಂದಾಗ ಟಿಪಿಎ ಅಂದರೆ ಏನು ಅಂತ ಕೌಂಟರ್‌ನಲ್ಲಿದ್ದ ಅಕ್ಕನನ್ನು ಕೇಳಿದ್ದೆ. ಒಂದು ವಾರ ಗಡಿಯಾರ ಹಿಡಿದು ಫೈಲ್‌ಗಳ ಹಿಂದೆ ಓಡಾಡಿದೆ. ಜಾಸ್ತಿ ಹೊತ್ತು ಹೋಗುತ್ತಿದ್ದದ್ದು ಔಷಧಿ ವಾಪಸ್ ಒಯ್ಯುವವರು ಇಲ್ಲದೆ. ಎರಡು ಮಹಡಿಗೆ ಒಬ್ಬನೇ ವಾರ್ಡ್ ಬಾಯ್!

ಈಗ ಇದು ಇನ್ನೂ ಮುಖ್ಯ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಕ್ಯಾಶ್‌ಲೆಸ್‌ಗೆ ಕೊನೆಯ ಒಪ್ಪಿಗೆ ಕೊಡಬೇಕು ಅಂತ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಆದರೆ ನಮ್ಮ ಕಡೆಯಿಂದ ಬಿಲ್ ಹೋಗುವುದೇ ಮಧ್ಯಾಹ್ನ ಮೂರಕ್ಕಾದರೆ ಅವರನ್ನು ಬೈದು ಏನು ಪ್ರಯೋಜನ? ಹೊತ್ತು ಎಲ್ಲಿ ಹೋಗುತ್ತದೆ ಅಂತ ನಿಮಗೆ ಈಗಲೇ ಗೊತ್ತು. ಗೊತ್ತಿಲ್ಲದ್ದು ಲೆಕ್ಕ: ಒಂದು ಬೆಡ್‌ಗೆ ದಿನಕ್ಕೆ ಎಷ್ಟು ಖರ್ಚು, ಸರ್ಕಾರದ ಆಯುಷ್ಮಾನ್ ಯೋಜನೆಯ ನಿಗದಿತ ಪ್ಯಾಕೇಜ್ ದರದಲ್ಲಿ ಒಂದು ಆಪರೇಷನ್ ಮಾಡಿದರೆ ಕೈಗೆ ಎಷ್ಟು ಉಳಿಯುತ್ತದೆ, ಇಂಥವು. ಕೋರ್ಸ್ ಬೇಕಿರುವುದು ಅದಕ್ಕೆ.

ಆಸ್ಪತ್ರೆಯಲ್ಲೇ ಇರುತ್ತೀರಾದರೆ ಎಂಎಚ್‌ಎ ನೋಡಿ. ರಾಜೀವ್ ಗಾಂಧಿ ಆರೋಗ್ಯ ವಿವಿ ಅಡಿಯ ಕಾಲೇಜುಗಳಲ್ಲಿ ಇದೆ, ಮಣಿಪಾಲದಲ್ಲಿ ಇದೆ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅಂದರೆ ಟಿಸ್‌ನಲ್ಲೂ ಇದೆ. ವಿಮೆ, ಔಷಧಿ ಕಂಪನಿ, ಕನ್ಸಲ್ಟಿಂಗ್ ಕಡೆ ಮನಸ್ಸಿದ್ದರೆ ಎಂಬಿಎ. ಸೇರುವ ಮೊದಲು ಹಳೇ ವಿದ್ಯಾರ್ಥಿಯೊಬ್ಬರನ್ನು ಹಿಡಿದು, ಎಷ್ಟು ವಾರ ಆಸ್ಪತ್ರೆಗೆ ಕಳಿಸಿದರು, ಅಲ್ಲಿ ಏನು ಮಾಡಿಸಿದರು ಅಂತ ಕೇಳಿ. "ಹೆಲ್ಪ್ ಡೆಸ್ಕ್‌ನಲ್ಲಿ ಕೂರಿಸಿದರು" ಅಂದರೆ ಆ ಕಾಲೇಜು ಬೇಡ.

ಕ್ವಾಲಿಟಿ‌_ಕಮಲ:
ನಾನೂ ನರ್ಸೇ. ಯಾವ ಎಂಬಿಎನೂ ಇಲ್ಲದೆ ಕ್ವಾಲಿಟಿ ವಿಭಾಗಕ್ಕೆ ಬಂದೆ. ಎನ್‌ಎಬಿಎಚ್ (ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಮಂಡಳಿ) ತಪಾಸಣೆ ಅಂದರೆ ಆಡಳಿತದವರಿಗೆ ನರ್ಸ್‌ಗಳೇ ನೆನಪಾಗುವುದು! ಇನ್ಫೆಕ್ಷನ್ ಲೆಕ್ಕ, ಔಷಧಿ ತಪ್ಪುಗಳ ರಿಜಿಸ್ಟರ್, ಆಸ್ಪತ್ರೆ ಕಸದಲ್ಲಿ ಹಳದಿ ಚೀಲಕ್ಕೆ ಏನು, ಕೆಂಪು ಚೀಲಕ್ಕೆ ಏನು, ಎಲ್ಲ ನಮಗೇ ಗೊತ್ತಿರುವುದು. ಮೊದಲು ಅಲ್ಲಿಗೆ ವರ್ಗ ಕೇಳಿ. ಆರು ತಿಂಗಳು ನೋಡಿ. ಆಮೇಲೆ ಅಪ್ಪನ ಹತ್ತಿರ ದುಡ್ಡಿನ ಮಾತು.

ಬಿಲ್ಲಿಂಗ್‌_ಭಟ್ಟ:
ಕಮಲಾ ಅವರ ಮಾತು ಸರಿ. ಆದರೆ ಕ್ವಾಲಿಟಿಯಲ್ಲೇ ಉಳಿದು ಮೇಲೆ ಹೋಗಲಾಗದೆ ಕೂತವರನ್ನೂ ನೋಡಿದ್ದೇನೆ. ದೊಡ್ಡ ಆಸ್ಪತ್ರೆಗಳು ಕೆಲಸಕ್ಕೆ ಕರೆಯುವಾಗ ಡಿಗ್ರಿ ಕೇಳುತ್ತವೆ, ಏನು ಮಾಡುವುದು.

ವಾರ್ಡ್‌_ಸಿಸ್ಟರ್:
ಇವತ್ತು ಸುಮ್ನೆ ಮೂರು ಫೈಲ್‌ಗಳ ಹೊತ್ತು ಬರೆದಿಟ್ಟೆ. ಎರಡರಲ್ಲಿ ಸಮರಿಗೇ ಒಂದೂವರೆ ಗಂಟೆ ಹೋಗಿದೆ, ಫಾರ್ಮಸಿಗಿಂತ ಜಾಸ್ತಿ. ನಾನು ಐದು ವರ್ಷದಿಂದ ಫಾರ್ಮಸಿಯವರನ್ನೇ ಬೈಯುತ್ತಿದ್ದೆ! ಆ ಹುಡುಗನಿಗೆ ತೋರಿಸಿದೆ. ಎಕ್ಸೆಲ್‌ಗೆ ಹಾಕೋಣ, ಹೇಳಿಕೊಡ್ತೀನಿ ಅಂದ. ಕ್ವಾಲಿಟಿ ಮೇಡಂ ಹತ್ತಿರ ಸೋಮವಾರ ಮಾತಾಡುತ್ತೇನೆ. ಭಟ್ಟರೇ, ಎಂಎಚ್‌ಎಗೆ ಅಕೌಂಟ್ಸ್ ಮೊದಲೇ ಓದಿಕೊಂಡು ಹೋಗಬೇಕಾ? ಪಿಯುಸಿಯಲ್ಲಿ ನನ್ನದು ಸೈನ್ಸ್.