ಐದು ಇಲಾಖೆ, ಐದು ಸರ್ವರ್ ರೂಮು: ಒಂದು ಮಾಡಿದರೆ ಡಿಆರ್ ಎಲ್ಲಿಡುವುದು?

ಬಿಸಿಲೂರು (ರಾಯಚೂರು) ಕೇಳಿದ್ದು:

ಒಂದೇ ಕಾಂಪೌಂಡಿನಲ್ಲಿ ಐದು ಇಲಾಖೆಗಳು ತಮ್ಮ ತಮ್ಮ ಸರ್ವರ್ ರೂಮು ಇಟ್ಟುಕೊಂಡಿವೆ. ಒಟ್ಟು 14 ಸರ್ವರ್, ಎರಡು ಸ್ಟೋರೇಜ್. ಆರರಲ್ಲಿ ವಿಂಡೋಸ್ ಸರ್ವರ್ 2008 ಆರ್2, ಐದರಲ್ಲಿ 2012 ಆರ್2, ಮೂರರಲ್ಲಿ ಸೆಂಟ್‌ಓಎಸ್ 7. ಡೇಟಾ ಸುಮಾರು 20 ಟಿಬಿ. ಅದರಲ್ಲಿ 17 ಟಿಬಿ ಹಳೆ ಕಡತಗಳ ಸ್ಕ್ಯಾನ್ ಪಿಡಿಎಫ್, ಉಳಿದದ್ದು ಡೇಟಾಬೇಸ್ ಮತ್ತು ಸಿಸ್ಟಮ್ ಡಿಸ್ಕು. ಭೂಮಿ, ನಾಡಕಚೇರಿ, ಖಜಾನೆ ಹೇಗೂ ಬೆಂಗಳೂರಿನಿಂದಲೇ ನಡೆಯುತ್ತವೆ, ಅವು ಈ ಲೆಕ್ಕದಲ್ಲಿಲ್ಲ. ಇಲ್ಲಿರುವುದು ಜಿಲ್ಲೆಯಲ್ಲೇ ಬರೆಸಿಕೊಂಡ ತಂತ್ರಾಂಶಗಳು: ಕಡತ ಹುಡುಕಾಟ, ನೀರಿನ ಬಿಲ್ಲು, ಹಾಜರಾತಿ, ಫಲಾನುಭವಿ ಪಟ್ಟಿ.

ಮೇಜಿನ ಮೇಲೆ ಎರಡು ದಾರಿ ಇವೆ. ಒಂದು, ಎಲ್ಲವನ್ನೂ ಒಂದೇ ಕೋಣೆಗೆ ತಂದು ಹೊಸ ರ‍್ಯಾಕ್ ಹಾಕಿಸಿ, ಕೊಪ್ಪಳದ ಯಾವುದಾದರೂ ಕಚೇರಿಯಲ್ಲಿ ಡಿಆರ್ (ಡಿಸಾಸ್ಟರ್ ರಿಕವರಿ, ಅವಘಡವಾದರೆ ಕೆಲಸ ಮುಂದುವರಿಸುವ ಬದಲಿ ವ್ಯವಸ್ಥೆ) ಇಡುವುದು. ಎರಡು, ಎಲ್ಲವನ್ನೂ ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್‌ಗೆ ಕಳಿಸುವುದು. ಹಿರಿಯರ ಒಲವು ಮೊದಲನೆಯದರ ಕಡೆಗೆ, ಪೆಟ್ಟಿಗೆ ಕಣ್ಣೆದುರಿಗಿದ್ದರೆ ಧೈರ್ಯ ಅನ್ನುತ್ತಾರೆ. ಲೈನು 100 ಎಂಬಿಪಿಎಸ್, ಅದರ ಮೇಲೆಯೇ ವಿಡಿಯೊ ಕಾನ್ಫರೆನ್ಸೂ ನಡೆಯುತ್ತದೆ. ಯಾವುದು ಸರಿ, ಯಾವ ಕ್ರಮದಲ್ಲಿ ಮಾಡಬೇಕು?

ರ‍್ಯಾಕು_ಕೇಬಲ್ಲು (ಬಳ್ಳಾರಿ):

ಎರಡನೆಯದು. ಆದರೆ 14 ಸರ್ವರನ್ನು ಇದ್ದ ಹಾಗೆಯೇ 14 ವಿಎಂ (ವರ್ಚುವಲ್ ಮೆಷಿನ್, ದೊಡ್ಡ ಸರ್ವರಿನೊಳಗೆ ಓಡುವ ಸಾಫ್ಟ್‌ವೇರ್ ಸರ್ವರ್) ಮಾಡಿ ಕಳಿಸಲು ಹೋಗಬೇಡಿ, ಬಾಗಿಲಲ್ಲೇ ನಿಲ್ಲುತ್ತವೆ. 2008 ಆರ್2ಗೆ ತಯಾರಕರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, 2012 ಆರ್2ಗೆ 2023ರ ಅಕ್ಟೋಬರ್ 10ಕ್ಕೆ, ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ. ಅಂದರೆ ನಿಮ್ಮ ಹದಿನಾಲ್ಕೂ ಅವಧಿ ಮೀರಿದವೇ. ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಪಟ್ಟಿಯಲ್ಲಿರುವ ಆಡಿಟರ್ ಇವನ್ನು ಪಾಸು ಮಾಡುವುದಿಲ್ಲ. ತಂತ್ರಾಂಶವನ್ನು ಹೊಸ ಓಎಸ್ ಮೇಲೆ ಓಡಿಸಿ ನೋಡುವ ಕೆಲಸವೇ ಅರ್ಧಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ. ವೇಳಾಪಟ್ಟಿ ಬರೆಯುವಾಗ ಸಾಗಣೆಗೆ ಒಂದು ವಾರ ಇಟ್ಟರೆ ಇದಕ್ಕೆ ಎರಡು ತಿಂಗಳು ಇಡಿ.

ಎಲ್ಲಕ್ಕಿಂತ ಮೊದಲು ಯಾವುದು ಯಾವುದರ ಜೊತೆ ಮಾತಾಡುತ್ತಿದೆ ಎಂದು ತಿಳಿಯಬೇಕು. ಪ್ರತಿ ಸರ್ವರಿನಲ್ಲೂ ಐದು ನಿಮಿಷಕ್ಕೊಮ್ಮೆ ನೆಟ್‌ಸ್ಟ್ಯಾಟ್ (ಸಂಪರ್ಕಗಳ ಪಟ್ಟಿ ಕೊಡುವ ಆದೇಶ) ಓಡಿಸಿ ಫೈಲಿಗೆ ಬರೆಸಿ, ಪೂರ್ತಿ 30 ದಿನ. ಒಂದು ವಾರ ಸಾಲದು, ಏಕೆಂದರೆ ತಿಂಗಳ ಕೊನೆಯ ಬಿಲ್ಲು, ಸಂಬಳದ ಪಟ್ಟಿ ಒಂದೇ ದಿನ ಓಡುತ್ತವೆ. ಆಗ ಸಿಗುವುದೆಲ್ಲ ಯಾವ ದಾಖಲೆಯಲ್ಲೂ ಇಲ್ಲದ ಸಂಗತಿಗಳು: ಕೋಡಿನೊಳಗೇ ಬರೆದಿಟ್ಟ ಐಪಿ (ಯಂತ್ರದ ನೆಟ್‌ವರ್ಕ್ ವಿಳಾಸ), ಪಕ್ಕದ ಇಲಾಖೆಯ ಹಂಚಿಕೆ ಫೋಲ್ಡರ್, ವರ್ಗವಾಗಿ ಹೋದ ಗುಮಾಸ್ತರ ಲಾಗಿನ್‌ನಲ್ಲಿ ಇವತ್ತಿಗೂ ಓಡುತ್ತಿರುವ ರಾತ್ರಿಯ ಟಾಸ್ಕು.

ಹೊಸದಾಗಿ ಕಟ್ಟಲಾಗದ ಒಂದೆರಡು ಸರ್ವರ್ ಉಳಿದರೆ ಮಾತ್ರ ಡಿಸ್ಕ್2ವಿಎಚ್‌ಡಿ ಥರದ ಸಾಧನದಿಂದ ವಿಎಂ ಮಾಡಿ. ಎಂಬಿಆರ್ (ಹಳೆ ಮಾದರಿಯ) ಡಿಸ್ಕಿನಿಂದ ಬೂಟ್ ಆಗುವ ಹಳೆ ಸರ್ವರಿಗೆ ಬಯೋಸ್ ಮಾದರಿಯ ವಿಎಂ ಬೇಕು, ಯುಇಎಫ್‌ಐ ಆರಿಸಿದರೆ ಕಪ್ಪು ಪರದೆ. ಬೂಟ್ ಆದ ಮೇಲೆ ಹಳೆ ನೆಟ್‌ವರ್ಕ್ ಕಾರ್ಡು ಕಾಣದಂತೆ ಒಳಗೇ ಉಳಿದು ಐಪಿ ಹಿಡಿದುಕೊಂಡಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಸಾಧನಗಳನ್ನು ತೋರಿಸಿ ಅದನ್ನು ತೆಗೆಯಿರಿ. ಇನ್ನು ಸರ್ವರಿನ ಹಿಂದೆ ಚುಚ್ಚಿಟ್ಟ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ ಕೀಲಿ) ವಿಎಂ ಜೊತೆ ಬೆಂಗಳೂರಿಗೆ ಹೋಗುವುದಿಲ್ಲ. ಸಹಿ ಹಾಕುವ ಭಾಗವನ್ನು ಅಧಿಕಾರಿಯ ಕಂಪ್ಯೂಟರಿಗೆ ಸರಿಸಬೇಕು, ಇಲ್ಲವೇ ಎಚ್‌ಎಸ್‌ಎಂ (ಸಹಿಯ ಕೀಲಿ ಕಾಯುವ ಸಾಧನ) ಕೇಳಬೇಕು. ಅನುಮೋದನೆಗೆ ತಿಂಗಳುಗಟ್ಟಲೆ ಹಿಡಿಯುವ ಬಾಬತ್ತು ಇದು, ಇವತ್ತೇ ಕಾಗದ ಹಾಕಿ.

ಬೈಟು_ಲೆಕ್ಕ (ಕೊಪ್ಪಳ):

ಕೊಪ್ಪಳದವನಾಗಿಯೇ ಹೇಳುತ್ತೇನೆ, ಕೊಪ್ಪಳದಲ್ಲಿ ಡಿಆರ್ ಬೇಡ. ಎರಡೂ ಕಡೆ ಜೆಸ್ಕಾಂ ಕರೆಂಟು, ಎರಡೂ ಕಡೆ ಒಂದೇ ಅಡ್ಮಿನ್ ಪಾಸ್‌ವರ್ಡು, ಎರಡೂ ಕಡೆ ರಾತ್ರಿ ಎದ್ದು ಬರುವವರಿಲ್ಲ. ದೂರ ಇದೆ ನಿಜ, ಆದರೆ ಒಂದನ್ನು ಕೆಡವುವ ಕಾರಣ ಇನ್ನೊಂದನ್ನೂ ಕೆಡವುತ್ತದೆ. ಯಾವುದೋ ಕಚೇರಿಯ ಮೂಲೆಯಲ್ಲಿಟ್ಟ ಡಿಆರ್ ಪೆಟ್ಟಿಗೆಯನ್ನು ಎರಡನೇ ವರ್ಷದಿಂದ ಯಾರೂ ನೋಡುವುದಿಲ್ಲ, ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ನವೀಕರಣದಲ್ಲಿ ಮೊದಲು ಕೈಬಿಡುವುದೂ ಅದನ್ನೇ.

ಯಂತ್ರದ ಮಾತಿಗಿಂತ ಮುಂಚೆ ಪ್ರತಿ ಇಲಾಖೆಯಿಂದ ಎರಡು ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಎಷ್ಟು ಹೊತ್ತಿನ ಎಂಟ್ರಿ ಹೋದರೆ ಮತ್ತೆ ಟೈಪು ಮಾಡಬಲ್ಲಿರಿ? ಅದು ಆರ್‌ಪಿಓ. ಎಷ್ಟು ಹೊತ್ತಿನಲ್ಲಿ ಕೌಂಟರು ಮತ್ತೆ ತೆರೆಯಬೇಕು? ಅದು ಆರ್‌ಟಿಓ (ಡಿಎಲ್ ಕೊಡುವುದಲ್ಲ). ಕೇಳಿದರೆ ಎಲ್ಲರೂ ಸೊನ್ನೆ ಅಂತಲೇ ಬರೆಯುತ್ತಾರೆ. ಪಕ್ಕದಲ್ಲಿ ಖರ್ಚಿನ ಕಾಲಂ ಹಾಕಿ ಕೊಡಿ, ಸೊನ್ನೆ ತಾನಾಗಿ ನಾಲ್ಕು ಗಂಟೆ ಆಗುತ್ತದೆ. ನನ್ನ ಅಂದಾಜು: ನೀರಿನ ಬಿಲ್ಲಿಗೆ ಆರ್‌ಪಿಓ 15 ನಿಮಿಷ, ಆರ್‌ಟಿಓ 4 ಗಂಟೆ. ಹಾಜರಾತಿಗೆ ಒಂದು ದಿನ. ಸ್ಕ್ಯಾನ್ ಕಡತಕ್ಕೆ ಆರ್‌ಪಿಓ ಒಂದು ದಿನ, ಆರ್‌ಟಿಓ ಒಂದು ವಾರವಾದರೂ ಯಾರೂ ಕೂಗುವುದಿಲ್ಲ.

15 ನಿಮಿಷದ ಆರ್‌ಪಿಓಗೆ ದುಬಾರಿ ಸಾಮಾನು ಬೇಕಿಲ್ಲ. ಡೇಟಾಬೇಸಿನ ಬದಲಾವಣೆಯ ಲಾಗನ್ನು ಆಗಾಗ ಡಿಆರ್‌ಗೆ ಕಳಿಸಿದರೆ ಸಾಕು: ಎಸ್‌ಕ್ಯೂಎಲ್ ಸರ್ವರ್ ಆದರೆ ಲಾಗ್ ಶಿಪ್ಪಿಂಗ್, ಪೋಸ್ಟ್‌ಗ್ರೆಸ್ ಆದರೆ ವಾಲ್ ಆರ್ಕೈವ್ ಇಟ್ಟು ಆರ್ಕೈವ್ ಟೈಮ್‌ಔಟ್ 900 ಸೆಕೆಂಡು ಮಾಡಿ. ಅಸಿಂಕ್ರೊನಸ್ಸೇ ಇರಲಿ, ಅಂದರೆ ಡಿಆರ್‌ನಿಂದ ಉತ್ತರ ಬರುವವರೆಗೆ ಕಾಯುವುದು ಬೇಡ. ಫೈಬರಿನಲ್ಲಿ ಬೆಳಕಿಗೆ ಕಿಲೋಮೀಟರಿಗೆ 5 ಮೈಕ್ರೊಸೆಕೆಂಡು ಬೇಕು. ಮುಖ್ಯ ಕೇಂದ್ರದಿಂದ ಡಿಆರ್‌ವರೆಗೆ 450 ಕಿ.ಮೀ. ಕೇಬಲ್ ಅಂದುಕೊಂಡರೆ ಹೋಗಿ ಬರಲು ಕನಿಷ್ಠ 4.5 ಮಿಲಿಸೆಕೆಂಡು, ನಡುವಿನ ರೌಟರುಗಳದು ಬೇರೆ. ಸಿಂಕ್ರೊನಸ್ ಮಾಡಿದರೆ ಪ್ರತಿ ಸೇವ್‌ಗೂ ಅಷ್ಟು ಕಾಯಬೇಕು, ಲೈನು ಹೋದರೆ ಕೌಂಟರೇ ನಿಂತೀತು.

ಈಗ ಸಾಗಣೆ. 100 ಎಂಬಿಪಿಎಸ್ ಪೂರ್ತಿ ಸಿಕ್ಕರೂ ಗಂಟೆಗೆ 45 ಜಿಬಿ, 20 ಟಿಬಿಗೆ ಹದಿನೆಂಟೂವರೆ ದಿನ. ವಿಡಿಯೊ ಕಾನ್ಫರೆನ್ಸ್ ಕೆಡದ ಹಾಗೆ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ 60% ಮಾತ್ರ ಬಳಸಿದರೆ ರಾತ್ರಿಗೆ 324 ಜಿಬಿ, ಅಂದರೆ 62 ರಾತ್ರಿ. ಹಾಗಾಗಿ ಮೊದಲ ಕಂತು ಎನ್‌ಕ್ರಿಪ್ಟ್ ಮಾಡಿದ ಎರಡು ಡಿಸ್ಕ್ ಸೆಟ್‌ಗಳಲ್ಲಿ ಕೈಯಲ್ಲೇ ಹೋಗಲಿ: ಒಂದು ಗಾಡಿಯಲ್ಲಿ, ಒಂದು ಇಲ್ಲೇ ಬೀಗದೊಳಗೆ. ಪ್ರತಿ ಫೈಲಿಗೂ ಶಾ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಪಟ್ಟಿ ಮಾಡಿ, ಅಲ್ಲಿ ಇಳಿಸಿದ ಮೇಲೆ ಹೋಲಿಸಿ. ಆಮೇಲೆ ಲೈನಿನಲ್ಲಿ ಹೋಗುವುದು ದಿನದ ಬದಲಾವಣೆ ಅಷ್ಟೇ. ದಿನಕ್ಕೆ 5,000 ಪುಟ ಸ್ಕ್ಯಾನ್ ಮಾಡಿದರೂ ಪುಟಕ್ಕೆ 100 ಕೆಬಿ ಹಿಡಿದರೆ ಅರ್ಧ ಜಿಬಿ.

ನಮ್ಮ ಕಡೆ ಎಲ್ಲರೂ ಎಡವುವ ಜಾಗ ಇನ್ನೊಂದಿದೆ: ನುಡಿ ತಂತ್ರಾಂಶ. ಹಳೆ ಟೇಬಲ್ಲುಗಳಲ್ಲಿ ಕನ್ನಡ ಅಂತ ಕಾಣುವುದು ಯೂನಿಕೋಡ್ ಅಲ್ಲ, ವಾರ್‌ಚಾರ್ (ಪಠ್ಯದ) ಕಾಲಂನಲ್ಲಿರುವ ಎಂಟು ಬಿಟ್ಟಿನ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಡೇಟಾವನ್ನು ಪಠ್ಯವಾಗಿ ಹೊರತೆಗೆಯುವ (ಡಂಪ್) ಯಂತ್ರದ ಕೋಡ್‌ಪೇಜ್ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ) ಬೇರೆಯಿದ್ದರೆ ಕೆಲವು ಅಕ್ಷರ ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗುತ್ತವೆ, ಹೋದದ್ದು ಮರಳಿ ಬರುವುದಿಲ್ಲ. ಡಂಪ್ ತೆಗೆಯುವ ಬದಲು ಡೇಟಾಬೇಸಿನದೇ ಬ್ಯಾಕಪ್-ರಿಸ್ಟೋರ್ ಬಳಸಿ, ಕೊಲೇಷನ್ (ಅಕ್ಷರ ಜೋಡಿಸುವ, ಹೋಲಿಸುವ ನಿಯಮ) ಮುಟ್ಟಬೇಡಿ. ಮುಂಚೆ ಮತ್ತು ಆಮೇಲೆ ಮೂರು ಸಂಖ್ಯೆ ಹೋಲಿಸಿ: ಸಾಲುಗಳೆಷ್ಟು, ಹೆಸರಿನ ಕಾಲಂನ ಒಟ್ಟು ಬೈಟ್ ಉದ್ದ ಎಷ್ಟು, ಅದರಲ್ಲಿ ಪ್ರಶ್ನಾರ್ಥಕ ಎಷ್ಟು. ರಿಪೋರ್ಟು ಸರ್ವರಿನಲ್ಲೇ ತಯಾರಾಗುವುದಿದ್ದರೆ ಹೊಸ ವಿಎಂನಲ್ಲಿ ಅದೇ ನುಡಿ ಫಾಂಟು ಹಾಕಿರಬೇಕು, ಇಲ್ಲದಿದ್ದರೆ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಅಚ್ಚಾಗುತ್ತದೆ. ಯೂನಿಕೋಡಿಗೆ ಬದಲಿಸುವುದು ಒಳ್ಳೆಯದೇ, ಆದರೆ ಸಾಗಣೆಯ ಜೊತೆ ಅದನ್ನು ಸೇರಿಸಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕಲಾಗದು.

ಡೀಸೆಲ್_ಸೆಟ್ಟು (ರಾಯಚೂರು):

ಎಲ್ಲಾ ಬೆಂಗಳೂರಿಗೆ ಹೋದ್ರೂ ಇಲ್ಲಿ ಒಂದು ಸಣ್ಣ ಕೋಣೆ ಉಳಿದೇ ಉಳೀತೈತ್ರಿ: ರೌಟರು, ಸ್ವಿಚ್ಚು, ಬ್ಯಾಕಪ್ಪಿಗೆ ಒಂದು ಪೆಟ್ಟಿಗೆ. ಅದರ ಬಗ್ಗೆ ಯಾರೂ ಮಾತಾಡಲ್ಲ, ಅದಕ್ಕ ಬರೀತೀನಿ.

ಮೇಲಿನ ಮಹಡಿ ಬ್ಯಾಡ್ರಿ. ಮೇ ತಿಂಗಳಾಗ ತಾರಸಿ ಕಾದು ಕೋಣೆ ಒಲೆ ಆಗ್ತೈತಿ. ಶೌಚಾಲಯದ ಕೆಳಗ, ನೀರಿನ ಟಾಕಿ ಕೆಳಗ ಬ್ಯಾಡ. ಸರ್ವರಿನೊಳಗ ಹೋಗೋ ಗಾಳಿ 18ರಿಂದ 27 ಡಿಗ್ರಿ ಇರಬೇಕು. ಒಂದು ಟನ್ ಎಸಿ ಅಂದ್ರ ಸುಮಾರು 3.5 ಕಿಲೋವ್ಯಾಟ್ ಶಾಖ ಎಳೀತೈತಿ. ಉಳಿಯೋ ಲೋಡು ಒಂದೂಕಾಲು ಕಿಲೋವ್ಯಾಟ್ ಇದ್ರೂ, ಗೋಡೆ ಬಿಸಿ ಸೇರಿಸಿ ಒಂದೂವರೆ ಟನ್ನಿನವು ಎರಡು ಹಾಕಸ್ರಿ, ಟೈಮರಿನ ಮ್ಯಾಲೆ ಸರತಿ ಓಡ್ಲಿ. ಕರೆಂಟ್ ಹೋಗಿ ಬಂದ ಮ್ಯಾಲೆ ಎಸಿ ತಾನಾ ಚಾಲೂ ಆಗ್ತೈತೇನು ಅಂತ ಮೇನ್ ಆರಿಸಿ ಹಚ್ಚಿ ನೋಡ್ರಿ. ರಾತ್ರಿ ಎರಡಕ್ಕ ಕರೆಂಟ್ ಹೋಗಿ ಬಂತು, ಸರ್ವರ್ ಯುಪಿಎಸ್ ಮ್ಯಾಲೆ ನಡದೇ ಇತ್ತು, ಎಸಿ ಮಾತ್ರ ರಿಮೋಟಿಗೆ ಕಾಯ್ತಾ ಕುಂತಿತ್ತು ಅಂದ್ರ ಬೆಳಗಾಗೂದ್ರೊಳಗ ಡಿಸ್ಕು ಹೋದಂಗ. ಎಸಿ ಲೈನು ಜನರೇಟರಿಗೂ ಸೇರಿರಬೇಕು.

ಈಗಿರೋ 14 ಸರ್ವರಿಗೆ ಯುಪಿಎಸ್ ಲೆಕ್ಕಾನೂ ನೋಡ್ರಿ. 12 ವೋಲ್ಟ್ 42 ಎಎಚ್ ಬ್ಯಾಟರಿ 16 ಅಂದ್ರ ಕಾಗದದ ಮ್ಯಾಲೆ 8 ಕಿಲೋವ್ಯಾಟ್-ಗಂಟೆ. 4 ಕಿಲೋವ್ಯಾಟ್ ಲೋಡಿಗೆ ಎರಡು ತಾಸು ಬರ್ತೈತಿ ಅನ್ಕೋಬ್ಯಾಡ್ರಿ. ಜೋರಾಗಿ ಎಳದಂಗ ಕಸುವು ಕಮ್ಮಿ, ಯುಪಿಎಸ್ ನಷ್ಟ ಬ್ಯಾರೆ. ಹೊಸದಿದ್ದಾಗ ಒಂದು ತಾಸು, ಹಳೇದಾದ್ರ ಇಪ್ಪತ್ತು ನಿಮಿಷ. ಈ ಬ್ಯಾಟರಿ 25 ಡಿಗ್ರಿಗೆ ಮಾಡಿದ್ದು, ಎಂಟು-ಹತ್ತು ಡಿಗ್ರಿ ಏರಿದ್ರ ಆಯುಷ್ಯ ಅರ್ಧ. ಸರ್ವರಿಗೆ ಎಸಿ ಹಾಕಿ ಬ್ಯಾಟರೀನ ವರಾಂಡದಾಗ ಇಟ್ರ ಐದು ವರ್ಷದ್ದು ಎರಡೂವರೆ ವರ್ಷಕ್ಕ ಕಾಲು ಚಾಚ್ತೈತಿ.

ಜನರೇಟರ್ ಖಾಲಿ ಓಡಿಸಿ "ಟೆಸ್ಟ್ ಆತು" ಅಂತ ಬರೀಬ್ಯಾಡ್ರಿ. ತಿಂಗಳಿಗೊಮ್ಮೆ ನಿಜವಾದ ಲೋಡ್ ಕೊಟ್ಟು ಅರ್ಧ ತಾಸು ನಡಸ್ರಿ. 30%ಕಿಂತ ಕಮ್ಮಿ ಲೋಡಿನಾಗ ದಿನಾ ನಡದ್ರ ಸುಡದ ಡೀಸೆಲ್ ಸೈಲೆನ್ಸರಿನಾಗ ಕೂಡ್ತೈತಿ. ಬ್ಯಾಸಿಗ್ಯಾಗ ಅರ್ಥಿಂಗ್ ಗುಂಡಿ ಒಣಗತಾವ, ನೀರು ಹಾಕ್ರಿ. ನ್ಯೂಟ್ರಲ್-ಅರ್ಥ್ ನಡುವ 2-3 ವೋಲ್ಟ್ ದಾಟಿದ್ರ ಎಲೆಕ್ಟ್ರಿಷಿಯನ್ ಕರೀರಿ.

ಹೊಸ ಲಿಥಿಯಂ ಯುಪಿಎಸ್ ಕೊಡ್ತೀವಿ ಅಂತ ಯಾರಾದ್ರೂ ಬಂದ್ರ, ಬ್ಯಾಟರಿಗೆ ಬ್ಯಾರೆ ಕೋಣೆ ಅಂತ ಷರತ್ತು ಹಾಕ್ರಿ. ದಕ್ಷಿಣ ಕೊರಿಯಾದ ಡೇಜಾನ್‌ದಾಗ 2025ರ ಸೆಪ್ಟೆಂಬರ್ 26ಕ್ಕ ಸರ್ಕಾರದ ಡೇಟಾ ಸೆಂಟರಿಗೆ ಬೆಂಕಿ ಬಿದ್ದಿದ್ದು ಯುಪಿಎಸ್‌ನ ಲಿಥಿಯಂ ಬ್ಯಾಟರಿ ಸ್ಥಳಾಂತರ ಮಾಡೂವಾಗನ.

ಬಿಸಿಲೂರು (ರಾಯಚೂರು):

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಒಂದು, ರಾಜ್ಯ ಡೇಟಾ ಸೆಂಟರ್‌ಗೆ ಹೋದ ಮೇಲೆ ಡಿಆರ್ ಅವರ ಹೊಣೆಯಲ್ಲವೇ, ನಾವು ಪ್ರತ್ಯೇಕ ಕಾಪಿ ಯಾಕೆ ಇಡಬೇಕು ಎಂದು ಮೇಲಿನವರು ಕೇಳುತ್ತಿದ್ದಾರೆ. ಇನ್ನೊಂದು, ಜೆಸಿಬಿಯವರು ರಸ್ತೆ ಅಗೆದು ಕೇಬಲ್ ಕಡಿದರೆ ನೀರಿನ ಬಿಲ್ ಕೌಂಟರ್ ಗತಿ?

ಬೈಟು_ಲೆಕ್ಕ (ಕೊಪ್ಪಳ):

ಮೊದಲನೆಯದಕ್ಕೆ: ನೀವು ಅರ್ಜಿಯಲ್ಲಿ ಏನು ಕೇಳಿದ್ದೀರೋ ಅಷ್ಟೇ ಅವರ ಹೊಣೆ. ವಿಎಂ ಕೇಳಿದರೆ ವಿಎಂ ಸಿಗುತ್ತದೆ. ಬ್ಯಾಕಪ್ ಎಷ್ಟು ದಿನದ್ದು, ಡಿಆರ್ ಸೈಟಿನಲ್ಲಿ ಓಡಿಸಲು ಜಾಗ ಕಾಯ್ದಿರಿಸಿದೆಯೇ, ಬರೀ ಡೇಟಾ ನಕಲಷ್ಟೇ ಇದೆಯೇ, ಇವನ್ನು ಒಂದೊಂದಾಗಿ ಬರೆಸಿಕೊಳ್ಳಿ.

ಡೇಜಾನ್‌ನಲ್ಲಿ ಆದದ್ದನ್ನೇ ತೋರಿಸಿ. 709 ಸರ್ಕಾರಿ ವ್ಯವಸ್ಥೆಗಳು ನಿಂತವು, ಬಹಳಷ್ಟನ್ನು ಆಮೇಲೆ ಮತ್ತೆ ಎಬ್ಬಿಸಿದರು. ಆದರೆ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್, 858 ಟಿಬಿ, ತುಂಬಾ ದೊಡ್ಡದೆಂದು ಬೇರೆಡೆ ಬ್ಯಾಕಪ್ಪೇ ಇರಲಿಲ್ಲ, ಸುಟ್ಟುಹೋಯಿತು. ನಿಮ್ಮ 17 ಟಿಬಿ ಪಿಡಿಎಫ್ ಬಗ್ಗೆಯೂ ಇದೇ ಮಾತು ಸಭೆಯಲ್ಲಿ ಬರುತ್ತದೆ ನೋಡಿ, "ಅದು ಬಹಳ ದೊಡ್ಡದು, ಬಿಡಿ" ಅಂತ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಕೇಂದ್ರ ಸುಟ್ಟಾಗ ಕೆಲವು ಗ್ರಾಹಕರ ಬ್ಯಾಕಪ್ಪೂ ಅದೇ ಆವರಣದಲ್ಲಿತ್ತು. ಇನ್ನು ಬೆಂಕಿಯೇ ಬೇಕೆಂದಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್‌ನ ಐದು ಸರ್ವರುಗಳ ಸುಮಾರು 1.3 ಟಿಬಿ ಡೇಟಾವನ್ನು ರ‍್ಯಾನ್ಸಮ್‌ವೇರ್ ಲಾಕ್ ಮಾಡಿತು. ಅಂಥದ್ದು ಬಂದರೆ ರೆಪ್ಲಿಕೇಷನ್ (ಡಿಆರ್‌ಗೆ ತಾನಾಗಿ ಆಗುವ ನಕಲು) ಏನು ಮಾಡುತ್ತದೆ? ಕೆಟ್ಟ ಡೇಟಾವನ್ನು 15 ನಿಮಿಷದೊಳಗೆ ಡಿಆರ್‌ಗೂ ತಲುಪಿಸುತ್ತದೆ.

ಅದಕ್ಕೇ ಕೇಬಲ್ ಕಿತ್ತಿಟ್ಟ ಕಾಪಿ ಬೇಕು. ಮೂರು ಡಿಸ್ಕ್ ಸೆಟ್ ಸರತಿಯಲ್ಲಿ: ಒಂದು ಯಂತ್ರದಲ್ಲಿ, ಒಂದು ಬೇರೆ ಕಟ್ಟಡದ ಕಬ್ಬಿಣದ ಬೀರುವಿನಲ್ಲಿ, ಒಂದು ಓಡಾಟದಲ್ಲಿ. ವಾರಕ್ಕೊಮ್ಮೆ ಬದಲಿಸಿ. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಷನ್) ಹಾಕಿದರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದು ಎರಡು ಮುಚ್ಚಿದ ಲಕೋಟೆ ಎರಡು ಕಡೆ ಇಡಿ. ಅದನ್ನು ಅದೇ ಡಿಸ್ಕಿನೊಳಗೆ ಸೇವ್ ಮಾಡಿಟ್ಟವರಿದ್ದಾರೆ.

ರ‍್ಯಾಕು_ಕೇಬಲ್ಲು (ಬಳ್ಳಾರಿ):

ಕೇಬಲ್ ವಿಷಯಕ್ಕೆ: ಇನ್ನೊಂದು ಕಂಪನಿಯ ಲೈನು ತೆಗೆದುಕೊಂಡ ಮಾತ್ರಕ್ಕೆ ಎರಡು ದಾರಿ ಆಗುವುದಿಲ್ಲ. ಬೇರೆ ಬೇರೆ ಹೆಸರಿನ ಎರಡು ಲೈನು ಒಂದೇ ಡಕ್ಟಿನಲ್ಲಿ ಮಲಗಿರುತ್ತವೆ, ಒಂದೇ ಬಕೆಟ್ಟಿಗೆ ಎರಡೂ ಹೋಗುತ್ತವೆ. ಕಚೇರಿಯಿಂದ ಎಕ್ಸ್‌ಚೇಂಜ್‌ವರೆಗಿನ ಮಾರ್ಗದ ನಕ್ಷೆ ಕೇಳಿ, ಕೊಡದಿದ್ದರೆ ಎರಡನೆಯದನ್ನು ರೇಡಿಯೊ ಲಿಂಕ್ ಮಾಡಿಸಿ. ಕೌಂಟರಿಗಾಗಿ ಇಲ್ಲಿನ ಪೆಟ್ಟಿಗೆಯಲ್ಲಿ ಓದಲು ಮಾತ್ರ ಬರುವ ಬಾಕಿ ಪಟ್ಟಿ ಇಡಿ, ರಾತ್ರಿಗೊಮ್ಮೆ ಹೊಸದಾಗಲಿ. ಲೈನು ಹೋದಾಗ ಕೈರಸೀದಿ, ಆಮೇಲೆ ಎಂಟ್ರಿ. ಎರಡೂ ಕಡೆ ಬರೆಯಲು ಬಿಟ್ಟರೆ ಲೈನು ಬಂದ ಮೇಲೆ ಯಾವುದು ನಿಜ ಎಂದು ತೀರ್ಮಾನಿಸುವವರು ಯಾರೂ ಇರುವುದಿಲ್ಲ.

ಡ್ರಿಲ್ ಒಂದು ಎರಡನೇ ಶನಿವಾರ ಇಟ್ಟುಕೊಳ್ಳಿ. ಎರಡು ದಿನ ಮುಂಚೆ ಡಿಎನ್‌ಎಸ್ ಟಿಟಿಎಲ್ (ಸರ್ವರ್ ಹೆಸರಿನ ಐಪಿಯನ್ನು ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಮುಖ್ಯ ವಿಎಂ ನಿಲ್ಲಿಸಿ, ಡಿಆರ್ ಎಬ್ಬಿಸಿ, ಗಡಿಯಾರ ಹಿಡಿದು ಬರೆಯಿರಿ. ಹಿಂದಿನ ದಿನದ ಕೊನೆಯ ರಸೀದಿ ಅಲ್ಲಿದೆಯೇ ನೋಡಿ, ಒಂದು ರಸೀದಿ ಕಾಗದದ ಮೇಲೆ ಅಚ್ಚು ಹಾಕಿ. ವಾಪಸು ಬರುವುದನ್ನೂ ಅದೇ ದಿನ ಮಾಡಿ, ಹೋದಷ್ಟು ಸುಲಭ ಅಲ್ಲ ಅದು. ಜೊತೆಗೆ ಎಲ್ಲ ಯಂತ್ರಗಳ ಗಡಿಯಾರ ಎನ್‌ಟಿಪಿಗೆ (ನೆಟ್‌ವರ್ಕಿನಲ್ಲಿ ಸರಿ ಸಮಯ ಕೊಡುವ ವ್ಯವಸ್ಥೆ) ಹೊಂದಿರಲಿ, ಲಾಗ್ 180 ದಿನ ಉಳಿಯಲಿ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಲ್ಲಿ ಎರಡೂ ಇವೆ, ಘಟನೆಯಾದರೆ 6 ಗಂಟೆಯೊಳಗೆ ತಿಳಿಸಬೇಕೆಂಬುದೂ ಇದೆ.

ಹಳೆ ಸರ್ವರುಗಳನ್ನು 45 ದಿನ ಆರಿಸಿಡಿ, ನೆಟ್‌ವರ್ಕ್ ಕೇಬಲ್ ಕಿತ್ತು. ಯಾರೋ ಆನ್ ಮಾಡಿದರೆ ಒಂದೇ ಐಪಿ ಎರಡಾಗುತ್ತದೆ. ಆಮೇಲೆ ಡಿಸ್ಕ್ ಅಳಿಸಿ, ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಟ್ಟು ಸೀರಿಯಲ್ ನಂಬರ್ ಸಮೇತ ಪತ್ರ ಪಡೆಯಿರಿ. ಅಯಸ್ಕಾಂತದಿಂದ ಅಳಿಸುವ ಡೀಗಾಸ್ ಯಂತ್ರ ಎಸ್‌ಎಸ್‌ಡಿಗೆ ಕೆಲಸ ಮಾಡುವುದಿಲ್ಲ.

ಡ್ರಿಲ್‌ಗೆ ಮುಂಚೆ ಒಂದು ಕೆಲಸ: ಕೌಂಟರ್ ಕಂಪ್ಯೂಟರುಗಳ ಹೋಸ್ಟ್ಸ್ ಫೈಲ್ ತೆರೆದು ನೋಡಿ. ಅದರಲ್ಲಿ ಐಪಿ ಬರೆದಿದ್ದರೆ ಡಿಎನ್‌ಎಸ್ ಬದಲಿಸಿದ್ದು ಆ ಕಂಪ್ಯೂಟರಿಗೆ ತಾಗುವುದಿಲ್ಲ.

ಬಿಸಿಲೂರು (ರಾಯಚೂರು):

ನೋಡಿದೆ. ನಾಲ್ಕು ಕೌಂಟರ್, ಮೂರರಲ್ಲಿ ಹಳೆ ಐಪಿ ಬರೆದಿದ್ದಾರೆ. ನಾಲ್ಕನೆಯದರಲ್ಲಿ ಶಾರ್ಟ್‌ಕಟ್ಟಿಗೇ ಐಪಿ ಹಾಕಿದ್ದಾರೆ.