ಅಪ್‌ಡೇಟ್: ಓವರ್‌ಟೈಮ್ ಲೆಕ್ಕದ ಗಂಟು ಬಿಚ್ಚಿತು

ಚಿಕ್ಕಪೇಟೆಯ ನಮ್ಮ ಸಗಟು ಬಟ್ಟೆ ಮಳಿಗೆಯ ಹಾಜರಾತಿ ತಂತ್ರಾಂಶ ಓವರ್‌ಟೈಮನ್ನು ಹೆಚ್ಚಾಗಿ ತೋರಿಸುತ್ತಿದೆ ಎಂದು ಕೇಳಿದ್ದೆನಲ್ಲ, ಈಗ ಕಾರಣ ಸಿಕ್ಕಿದೆ.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ. ಐದು ದಿನ ಎಂಟೆಂಟು ಗಂಟೆ, ಶನಿವಾರ ಹತ್ತು ಗಂಟೆ ದುಡಿದವರದ್ದು ಒಟ್ಟು 50; ಹೆಚ್ಚುವರಿ ಎರಡೇ ಗಂಟೆ. ಪರದೆಯಲ್ಲಿ ಮಾತ್ರ ಮೂರು! ಶನಿವಾರದ ಹತ್ತನೇ ಗಂಟೆ ದಿನದ ಖಾತೆಗೂ ಬಿದ್ದು, ವಾರದ ಖಾತೆಗೂ ಬಿದ್ದಿತ್ತು.

ನಿಮ್ಮಲ್ಲೊಬ್ಬರು ಸೂಚಿಸಿದಂತೆ, ದಿನದ ಓವರ್‌ಟೈಮನ್ನು ವಾರದ ಮೊತ್ತದಿಂದ ಕಳೆಯುವ ಆಯ್ಕೆಗೆ ಟಿಕ್ ಹಾಕಿದೆ. ಲೆಕ್ಕ ತಾಳೆಯಾಯಿತು. ಆ ಆಯ್ಕೆಯನ್ನು ರಜೆಯ ಪಟ್ಟಿಯ ಅಡಿಯಲ್ಲಿ ಬಚ್ಚಿಟ್ಟ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. ಹಳೆಯ ತಿಂಗಳುಗಳನ್ನು ಮತ್ತೆ ಲೆಕ್ಕ ಹಾಕಿಸುವ ಗುಂಡಿ ಬೇರೆಯೇ ಇದೆ, ಅದನ್ನೂ ಒತ್ತಬೇಕು.